ನೇರ ನಿಲ್ಲದ ಸ್ಟೇರಿಂಗ್: ಕ್ಯಾರವಾನ್ ನಿರ್ಮಾಣದಲ್ಲಿ ತೂಕದ ಲೆಕ್ಕ

ಸಂಚಾರಿ ವಸತಿ ವಾಹನ, ಅಂದರೆ ಕ್ಯಾರವಾನ್, ನಮ್ಮಲ್ಲಿ ಬಹುಕಾಲ ಚಲನಚಿತ್ರ ನಟರ ಹಾಗೂ ರಾಜಕೀಯ ಧುರೀಣರ ಸೌಕರ್ಯವಾಗಿಯೇ ಉಳಿದಿತ್ತು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆತ ಮೇಲೆ, ಹಾಗೂ ನೆರೆಯ ಕೇರಳ ಸರಕಾರ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನು ಪ್ರಕಟಿಸಿದ ಮೇಲೆ, ಪ್ರವಾಸಿ ಸಂಸ್ಥೆಗಳಿಂದಲೂ ಇಂತಹ ವಾಹನಗಳಿಗೆ ವಿಚಾರಣೆ ಬರತೊಡಗಿತು. ಬಸ್ಸು ಹಾಗೂ ಲಾರಿಗಳ ಬಾಡಿ ಕಟ್ಟಿ ಕೈ ಪಳಗಿದ ನಮ್ಮ ಯಶವಂತಪುರ, ಪೀಣ್ಯ ಭಾಗದ ಸಣ್ಣ ಘಟಕಗಳಿಗೆ ಇದು ಹೊಸ ಅವಕಾಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಸ್ಸು ಕಟ್ಟಬಲ್ಲವನು ಕ್ಯಾರವಾನನ್ನೂ ಕಟ್ಟಬಲ್ಲ ಎಂಬ ನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಈ ಲೇಖಕ ತನ್ನ ಶೆಡ್ಡಿನ ಅನುಭವದಿಂದಲೇ ಹೇಳಬೇಕಾಗಿದೆ.

ಆಷಾಢದ ಒಂದು ಪರೀಕ್ಷಾ ಓಟ

ಮಧ್ಯಮ ಗಾತ್ರದ ಬಸ್ ಚಾಸಿಯೊಂದರ ಮೇಲೆ ನಾವು ಕಟ್ಟಿದ ವಾಹನವದು. ಎರಡು ಗಾಲಿಸಾಲುಗಳ ನಡುವಿನ ಅಂತರ 4.2 ಮೀಟರು, ಒಳಗೆ ನಾಲ್ವರಿಗೆ ಮಲಗುವ ವ್ಯವಸ್ಥೆ, ಅಡುಗೆ ಕಟ್ಟೆ, ಶೌಚಾಲಯ, ಹವಾನಿಯಂತ್ರಣ. ಒಳಾಂಗಣವನ್ನು ಕಂಡ ಗ್ರಾಹಕರು ಸಂತುಷ್ಟರಾಗಿದ್ದರು. ನೋಂದಣಿಗೆ ಮುನ್ನ, ತಾತ್ಕಾಲಿಕ ಸಂಖ್ಯೆಯಲ್ಲಿಯೇ, ತುಮಕೂರು ರಸ್ತೆಯಲ್ಲಿ ಚಿತ್ರದುರ್ಗದವರೆಗೆ ಒಂದು ಓಟ ಮುಗಿಸಿ ಬರುವುದೆಂದು ನಿಶ್ಚಯವಾಯಿತು.

ಹಿರಿಯೂರು ದಾಟಿ, ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ಆ ಬಯಲಿಗೆ ಬರುತ್ತಿದ್ದಂತೆ ಚಾಲಕನ ಎರಡೂ ಕೈಗಳಿಗೆ ಬಿಡುವೇ ಇಲ್ಲದಾಯಿತು. ವಾಹನ ಎಡಕ್ಕೆ ಸರಿಯಿತೆಂದು ಬಲಕ್ಕೆ ತಿರುಗಿಸಿದರೆ, ಒಂದು ಕ್ಷಣ ಏನೂ ಆಗದು. ಬಳಿಕ ಒಮ್ಮೆಲೇ ಬಲಕ್ಕೆ ಹೆಚ್ಚಾಗಿ ಸರಿಯುವುದು. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಮುಂದೆ ಹೋದಾಗ ಇಡೀ ವಾಹನ ಪಕ್ಕದ ಸಾಲಿಗೆ ಜರುಗಿತು. ಅಲ್ಲಿ ಬೇರೆ ವಾಹನ ಇರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ‘ಗಾಡಿ ನೇರ ನಿಲ್ಲೋದೇ ಇಲ್ಲ ಸಾರ್. ಇದರಲ್ಲಿ ಮಕ್ಕಳು ಮರೀನ ಕೂರಿಸ್ಕೊಂಡು ನಾನಂತೂ ಹೋಗಲ್ಲ’ ಎಂದು ಚಾಲಕ ಗ್ರಾಹಕರ ಎದುರಿನಲ್ಲಿಯೇ ಹೇಳಿಬಿಟ್ಟ. ಕೊನೆಯ ಕಂತು ಅಲ್ಲಿಗೇ ನಿಂತಿತು.

ಮರುದಿನದಿಂದ ಸಲಹೆಗಳ ಮಹಾಪೂರ. ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಎಂದರು ಒಬ್ಬರು. ಟೈರುಗಳನ್ನೇ ಬದಲಿಸಿ ಎಂದರು ಇನ್ನೊಬ್ಬರು. ಮತ್ತೊಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಬಾಕ್ಸಿನ ತಿರುಪನ್ನು ಬಿಗಿಗೊಳಿಸಿ ‘ಪ್ಲೇ’ ತೆಗೆದುಕೊಟ್ಟ. ಆ ಬಳಿಕ ಹೆಬ್ಬಾಳ ಮೇಲ್ಸೇತುವೆಯ ತಿರುವನ್ನು ಇಳಿದು ಬಂದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದೆ, ತಿರುಗಿಸಿದಲ್ಲೇ ನಿಲ್ಲತೊಡಗಿತು. ಮೊದಲು ಅಲೆದಾಡುತ್ತಿದ್ದ ವಾಹನ ಈಗ ಮೊಂಡುತನದಿಂದ ಅಲೆದಾಡತೊಡಗಿತು ಎಂದರೆ ಸರಿಯಾದೀತು.

ವೇಬ್ರಿಜ್ ಚೀಟಿ ಹೇಳಿದ ಸತ್ಯ

ನಮ್ಮನ್ನು ದಾರಿಗೆ ತಂದವರು ಲಾರಿಗಳ ಮುಂಭಾಗದ ಕೆಲಸದಲ್ಲಿಯೇ ತಲೆ ನರೆತ ಒಬ್ಬ ಮೇಸ್ತ್ರಿ. ಅವರು ಸ್ಟೇರಿಂಗನ್ನು ಮುಟ್ಟಲೇ ಇಲ್ಲ. ‘ಮೊದಲು ತೂಕ ಹಾಕಿಸ್ಕೊಂಡು ಬನ್ನಿ ಯಜಮಾನರೇ. ಒಟ್ಟು ತೂಕ ನನಗೆ ಬೇಡ. ಮುಂದಿನ ಗಾಲಿದು ಬೇರೆ, ಹಿಂದಿನದು ಬೇರೆ ಬರಿಸ್ಕೊಂಡು ಬನ್ನಿ’ ಎಂದರು.

ನೀರು, ಇಂಧನ, ಸಾಮಾನುಗಳನ್ನೆಲ್ಲ ತುಂಬಿಸಿ ವಾಹನವನ್ನು ವೇಬ್ರಿಜ್ಜಿಗೆ ಒಯ್ದೆವು. ಒಟ್ಟು 7,100 ಕಿಲೊ. ಚಾಸಿಗೆ ಅನುಮತಿಸಿದ ಮಿತಿಯ ಒಳಗೇ. ನಮ್ಮನ್ನು ದಾರಿ ತಪ್ಪಿಸಿದ್ದೂ ಅದೇ. ಮುಂದಿನ ಗಾಲಿಗಳ ಮೇಲೆ ಇದ್ದದ್ದು ಕೇವಲ 1,840 ಕಿಲೊ, ಅಂದರೆ ಒಟ್ಟು ತೂಕದ ಶೇ. 26, ಉಳಿದ 5,260 ಕಿಲೊ ಹಿಂದಕ್ಕೆ.

ಕಾರಣ ಬಹಳ ಸರಳವಾದುದು, ಆದ್ದರಿಂದಲೇ ನಾಚಿಕೆ ತರುವಂಥದ್ದು. ಬಸ್ಸಿನಲ್ಲಿ ಪ್ರಯಾಣಿಕರ ತೂಕ ಉದ್ದಕ್ಕೂ ಹಂಚಿರುತ್ತದೆ. ಕ್ಯಾರವಾನಿನಲ್ಲಿ ಮಧ್ಯಭಾಗವನ್ನು ವಾಸಕ್ಕೆ ಬಿಟ್ಟು, ಭಾರವಾದುದನ್ನೆಲ್ಲ ಹಿಂದಿನ ಮೂಲೆಗೆ ಸೇರಿಸುವುದು ನಮ್ಮ ರೂಢಿ. 300 ಲೀಟರಿನ ನೀರಿನ ಟ್ಯಾಂಕು ಹಿಂದಿನ ಆಕ್ಸಲಿನಿಂದ 2.1 ಮೀಟರು ಹಿಂದಕ್ಕಿತ್ತು. ತಕ್ಕಡಿಯ ನ್ಯಾಯ ತಿಳಿದ ವರ್ತಕರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಆಕ್ಸಲೇ ತಕ್ಕಡಿಯ ಮುಳ್ಳು. ಹಿಂದಕ್ಕೆ ಇಟ್ಟ 300 ಕಿಲೊ, 4.2 ಮೀಟರು ದೂರದ ಮುಂದಿನ ಗಾಲಿಗಳಿಂದ 150 ಕಿಲೊ ಎತ್ತಿಬಿಡುತ್ತದೆ, ಹಿಂದಿನ ಗಾಲಿಗಳ ಮೇಲೆ 450 ಕಿಲೊ ಹೇರುತ್ತದೆ. ಅದಕ್ಕೆ 1.4 ಮೀಟರು ಹಿಂದಿದ್ದ 120 ಕಿಲೊ ತೂಕದ ಜನರೇಟರ್ ಸೇರಿದರೆ, ಮುಂಭಾಗದಿಂದ ಇನ್ನೂ 40 ಕಿಲೊ ಹೋಯಿತು. ನೆಲವನ್ನು ಗಟ್ಟಿಯಾಗಿ ಒತ್ತದ ಮುಂದಿನ ಟೈರು ದಾರಿ ತೋರಿಸುವುದಾದರೂ ಹೇಗೆ?

ಹಿಂದಿನ ಆಕ್ಸಲಿನಾಚೆ ಬಾಡಿ ಚಾಚುವ ಉದ್ದ ಗಾಲಿಸಾಲುಗಳ ನಡುವಿನ ಅಂತರದ ಶೇ. 60ನ್ನು ಮೀರಬಾರದೆಂಬ ಕೇಂದ್ರ ಮೋಟಾರು ವಾಹನ ನಿಯಮವನ್ನು ನಾವು ಪಾಲಿಸಿದ್ದೆವು. ಆದರೆ ನಿಯಮ ಹೇಳುವುದು ಉದ್ದದ ಮಾತನ್ನು. ಆ ಉದ್ದದಲ್ಲಿ ಏನನ್ನು ತುಂಬುತ್ತೇವೆ ಎಂಬುದು ನಮ್ಮ ವಿವೇಕಕ್ಕೆ ಬಿಟ್ಟದ್ದು. ಚಾಸಿ ತಯಾರಕರು ಬಾಡಿ ನಿರ್ಮಾಪಕರಿಗೆಂದು ಕೊಡುವ ಕೈಪಿಡಿಯಲ್ಲಿ ಭಾರದ ಹಂಚಿಕೆಯ ಪುಟಗಳಿರುತ್ತವೆ. ನಮ್ಮ ಶೆಡ್ಡಿನಲ್ಲಿ ಆ ಕೈಪಿಡಿ ಬೀರುವಿನಲ್ಲಿ ಭದ್ರವಾಗಿತ್ತು.

ಒಂದು ತಪ್ಪಿಗೆ ಇನ್ನೊಂದು ತಪ್ಪಿನ ತೇಪೆ

ಹಿಂಭಾಗ ಕುಸಿದುದನ್ನು ಕಂಡು ನಾವು ಮೊದಲೇ ಒಂದು ‘ಪರಿಹಾರ’ ಮಾಡಿದ್ದೆವು: ಹಿಂದಿನ ಕಮಾನು ಪಟ್ಟೆಗಳಿಗೆ ಹೆಚ್ಚುವರಿ ಎಲೆಗಳನ್ನು ಸೇರಿಸಿದ್ದೆವು. ಇದರಿಂದ ಬಾಲ ಮೇಲೆದ್ದು, ಮೂಲ ಎತ್ತರಕ್ಕಿಂತಲೂ 60 ಮಿಲಿಮೀಟರು ಹೆಚ್ಚಾಗಿತ್ತು. ನೋಡಲು ಲಕ್ಷಣವಾಗಿತ್ತು, ಅನಾಹುತ ಅಡಗಿದ್ದುದು ಅಲ್ಲೇ.

ಸೈಕಲಿನ ಮುಂದಿನ ಫೋರ್ಕು ಹಿಂದಕ್ಕೆ ಓರೆಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ವಾಹನದ ಕಿಂಗ್‌ಪಿನ್ನಿಗೂ ಅಂತಹ ಓರೆ ಇರುತ್ತದೆ. ಅದಕ್ಕೆ ಕ್ಯಾಸ್ಟರ್ ಎಂದು ಹೆಸರು. ತಿರುಗಿಸಿದ ಗಾಲಿಯನ್ನು ತಾನಾಗಿ ನೇರಕ್ಕೆ ತರುವ ಗುಣ ಬಹುಮಟ್ಟಿಗೆ ಇದರದೇ. ಬಾಲ 60 ಮಿಲಿಮೀಟರು ಎದ್ದರೆ ಇಡೀ ಚಾಸಿ ಮುಂದಕ್ಕೆ ಬಾಗಿ, ಈ ಓರೆ ಸುಮಾರು 0.8 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಇರುವುದೇ ಎರಡು ಮೂರು ಡಿಗ್ರಿಯಾದಾಗ ಇದು ಸಣ್ಣ ನಷ್ಟವಲ್ಲ.

ಮೇಸ್ತ್ರಿಯವರ ಸಲಹೆಯಂತೆ ಟ್ಯಾಂಕನ್ನು ಹಿಂದಿನ ಆಕ್ಸಲಿನ ಮುಂದಕ್ಕೆ 1.4 ಮೀಟರಿನಲ್ಲಿ, ನೆಲಹಾಸಿನ ಕೆಳಗೆ ಕೂರಿಸಿದೆವು; ಜನರೇಟರನ್ನು 0.7 ಮೀಟರು ಮುಂದಕ್ಕೆ ತಂದೆವು. ಮುಂದಿನ ತೂಕ 2,150 ಕಿಲೊಗೆ, ಅಂದರೆ ಶೇ. 30ಕ್ಕೆ ಏರಿತು. ಹೆಚ್ಚುವರಿ ಎಲೆಗಳನ್ನು ಬಿಚ್ಚಿಸಿ, ಯು ಬೋಲ್ಟುಗಳನ್ನು ನಿಗದಿತ ಬಿಗಿಗೆ ತಂದೆವು. ಟ್ಯಾಂಕಿನ ಜಾಗ ಬದಲಾದುದರಿಂದ ಕ್ಯಾರವಾನುಗಳಿಗೆ ಅನ್ವಯಿಸುವ ಎ.ಐ.ಎಸ್. 124 ಮಾನದಂಡದನ್ವಯ ನಕ್ಷೆಗಳನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಯಿತು. ಈ ಕೆಲಸಕ್ಕೆ ಹಿಡಿದ ಕಾಲ ಬೆಸುಗೆಯ ಕೆಲಸಕ್ಕೆ ಹಿಡಿದುದಕ್ಕಿಂತ ಬಹಳ ಹೆಚ್ಚು. ನೋಂದಣಿಯಾದ ಮೇಲೆ ಇಂತಹ ಬದಲಾವಣೆ ಮಾಡಹೊರಟರೆ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ತೊಡಕೂ ಸೇರುತ್ತದೆ.

ಗಾಳಿ, ಗ್ರೀಸು, ಅಲೈನ್‌ಮೆಂಟ್

ಇನ್ನುಳಿದದ್ದು ಸಣ್ಣ ಖರ್ಚಿನ ಕೆಲಸ. ಆರೂ ಟೈರುಗಳಿಗೆ ಒಂದೇ ಒತ್ತಡದ ಗಾಳಿ ತುಂಬಿಸಲಾಗಿತ್ತು. ಹಗುರ ಭಾರದ ಮುಂದಿನ ಟೈರು ಅತಿಯಾಗಿ ಬಿಗಿದು ನಡುಭಾಗದಲ್ಲಷ್ಟೇ ನೆಲ ಮುಟ್ಟುತ್ತಿತ್ತು. ಗಾಲಿಯ ನಿಜವಾದ ತೂಕವನ್ನು ಟೈರು ತಯಾರಕರ ಕೋಷ್ಟಕದೊಡನೆ ಹೋಲಿಸಿ, ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ಸರಿಪಡಿಸಿದೆವು. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ಯಾರೂ ಪರೀಕ್ಷಿಸುವುದಿಲ್ಲ. ನಮ್ಮದರಲ್ಲಿ ಅದು ಅರ್ಧ ಇಳಿದಿತ್ತು.

ಮೇಸ್ತ್ರಿಯವರು ಒಬ್ಬನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪವೇ ಅಲ್ಲಾಡಿಸಲು ಹೇಳಿ, ತಾವು ಕೆಳಗೆ ಮಲಗಿ ಡ್ರ್ಯಾಗ್ ಲಿಂಕ್, ಟೈ ರಾಡ್, ಕಿಂಗ್‌ಪಿನ್ನುಗಳ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಿದರು. ಯಾವ ಕೀಲಿನಲ್ಲಿ ಚಲನೆ ನಷ್ಟವಾಗುತ್ತಿದೆ ಎಂಬುದನ್ನು ಇಷ್ಟು ಅಗ್ಗವಾಗಿ ಹೇಳಬಲ್ಲ ಯಂತ್ರ ಇನ್ನೊಂದಿಲ್ಲ. ಡ್ರ್ಯಾಗ್ ಲಿಂಕಿನ ಒಂದು ತುದಿ ಸಡಿಲವಿತ್ತು, ಬದಲಾಯಿತು. ಅತಿಯಾಗಿ ಬಿಗಿದಿದ್ದ ಸ್ಟೇರಿಂಗ್ ಬಾಕ್ಸಿನ ತಿರುಪು ತಯಾರಕರ ಅಳತೆಗೆ ಮರಳಿತು. ಕಿಂಗ್‌ಪಿನ್ನುಗಳಿಗೆ ಆಕ್ಸಲನ್ನು ಜಾಕಿನಿಂದ ಎತ್ತಿ ಗ್ರೀಸು ಹೊಡೆಯಲಾಯಿತು. ಭಾರ ಹೊತ್ತ ಗಾಲಿಗೆ ಹೊಡೆದ ಗ್ರೀಸು ಬೇಕಾದ ಜಾಗಕ್ಕೆ ಹೋಗುವುದೇ ಇಲ್ಲವೆಂದು ಅವರ ವಾದ, ಅದು ನಿಜವೂ ಹೌದು. ಅಲೈನ್‌ಮೆಂಟನ್ನು ಎಲ್ಲದರ ಕೊನೆಗೆ, ನೀರು ಸಾಮಾನು ತುಂಬಿದ ಸ್ಥಿತಿಯಲ್ಲಿಯೇ ಮಾಡಿಸಿದರು. ಖಾಲಿ ವಾಹನಕ್ಕೆ ಮಾಡಿದ ಅಲೈನ್‌ಮೆಂಟ್ ಖಾಲಿ ವಾಹನಕ್ಕೆ ಮಾತ್ರ ಎಂಬುದು ಅವರ ಮಾತು. ಡ್ಯಾಂಪರ್ ಕೊಳ್ಳುವ ಅಗತ್ಯ ಬರಲಿಲ್ಲ.

ಎರಡನೆಯ ಓಟ ಯಲಹಂಕದಿಂದ ದೇವನಹಳ್ಳಿ ಕಡೆಗೆ. ವಿಮಾನ ನಿಲ್ದಾಣದ ಮೇಲ್ರಸ್ತೆಯ ಮೇಲೆ ಗಾಳಿ ಅಡ್ಡ ಬೀಸುತ್ತಿತ್ತು. ಮೂರು ಮೀಟರು ಎತ್ತರದ ಪೆಟ್ಟಿಗೆಯಾಕಾರದ ವಾಹನ ಗಾಳಿಗೆ ಅಲುಗುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು, ಅಲುಗಿತು. ಆದರೆ ಈ ಬಾರಿ ತಿದ್ದಿದಷ್ಟೇ ಸರಿಯಿತು, ತಿದ್ದಿದ ಕೂಡಲೇ ಸರಿಯಿತು. ಚಾಲಕ ಒಂದು ಕೈಯನ್ನು ಕಿಟಕಿಯ ಮೇಲಿಟ್ಟುಕೊಂಡದ್ದನ್ನು ಕಂಡು ನನಗೆ ಸಮಾಧಾನವೂ ಆಯಿತು, ಗದರಬೇಕೆಂದೂ ಅನಿಸಿತು.

ವಾಹನ ಗ್ರಾಹಕರ ಕೈ ಸೇರುವ ವೇಳೆಗೆ ದಸರಾ ಕಳೆದಿತ್ತು. ಅವರು ಮೈಸೂರಿಗೆಂದು ಒಪ್ಪಿಕೊಂಡಿದ್ದ ಬಾಡಿಗೆಗಳು ಕೈತಪ್ಪಿದ ಬಾಬ್ತನ್ನು ಕೊನೆಯ ಕಂತಿನಲ್ಲಿ ಮುರಿದುಕೊಂಡರು. ನಾವು ಚೌಕಾಸಿ ಮಾಡಲಿಲ್ಲ. ಜೊತೆಗೆ ಅವರು ಕೇಳಿ ಪಡೆದದ್ದು ಒಂದು ಕಾಗದ, ಎರಡು ಆಕ್ಸಲುಗಳ ತೂಕ ಬರೆದ ವೇಬ್ರಿಜ್ ಚೀಟಿ. ಮುಂದಿನ ವಾಹನದ ಆರ್ಡರಿನಲ್ಲಿ ಅದನ್ನು ಷರತ್ತಾಗಿಯೇ ಬರೆಸಿದ್ದಾರೆ.