ಇ.ಸಿ.ಜಿ. ‘ನಾರ್ಮಲ್’ ಎಂದರೆ ಸಾಕೇ?

“ಇ.ಸಿ.ಜಿ. ನಾರ್ಮಲ್ ಅಂತ ಬಂದಿದೆ. ಹಾರ್ಟಿಗೆ ಏನೂ ತೊಂದರೆಯಿಲ್ಲ ಅಲ್ಲವೇ ಡಾಕ್ಟರೇ?” ಎದೆನೋವೆಂದು ಬರುವವರಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಈಗಿನ ಅನೇಕ ಇ.ಸಿ.ಜಿ. ಯಂತ್ರಗಳು ಹಾಳೆಯ ಮೇಲ್ಭಾಗದಲ್ಲಿ ತಮ್ಮ ಅಭಿಪ್ರಾಯವನ್ನೂ ಅಚ್ಚು ಹಾಕಿಕೊಡುತ್ತವೆ. ಅದನ್ನು ಓದಿ ಮನೆಯವರು ನಿಶ್ಚಿಂತರಾಗುವುದೂ ಗಾಬರಿಯಾಗುವುದೂ ಸಹಜ. ಆದರೆ ಆ ಯಂತ್ರಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಗೆರೆ ಹೇಳುವ ಕಥೆ

ಪ್ರತಿ ಬಡಿತಕ್ಕೂ ಮುನ್ನ ಹೃದಯದ ಸ್ನಾಯುಗಳಲ್ಲಿ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಅದನ್ನು ಚರ್ಮದ ಮೇಲಿನಿಂದಲೇ ಗ್ರಹಿಸಿ ಗೆರೆಯಾಗಿ ಬರೆಯುವುದೇ ಇ.ಸಿ.ಜಿ. ಈ ವಿಧಾನವನ್ನು ರೂಪಿಸಿದ ಹಾಲೆಂಡಿನ ವಿಲೆಮ್ ಐಂಥೋವನ್ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರು. ಎಸ್ ಮತ್ತು ಟಿ ನಡುವಿನ ಭಾಗ ಸಾಮಾನ್ಯವಾಗಿ ಸಮತಟ್ಟಾಗಿರುತ್ತದೆ. ಸ್ನಾಯುವಿಗೆ ರಕ್ತ ಸಾಲದಾದಾಗ ಅದು ತಗ್ಗುತ್ತದೆ. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಹಲವು ವೇಳೆ ಮೇಲೇಳುತ್ತದೆ. ವೈದ್ಯರು ಹುಡುಕುವ ಈ ವ್ಯತ್ಯಾಸ ಕೆಲವೊಮ್ಮೆ ಕೇವಲ 1 ಮಿಲಿಮೀಟರ್, ಅಂದರೆ ಇ.ಸಿ.ಜಿ. ಕಾಗದದ ಒಂದು ಚಿಕ್ಕ ಚೌಕದಷ್ಟು!

ಕಂಪ್ಯೂಟರ್ ನೆರವಾಗುವುದು ಇಲ್ಲಿಯೇ. ಅದು ಪ್ರತಿ ಸೆಕೆಂಡಿಗೆ ನೂರಾರು ಬಾರಿ ಗೆರೆಯನ್ನು ಅಳೆಯುತ್ತದೆ. ಉಸಿರಾಟ, ಮೈನಡುಕಗಳಿಂದ ಗೆರೆ ಅಲುಗಾಡಿದರೆ, ಹಲವು ಬಡಿತಗಳ ಸರಾಸರಿ ತೆಗೆದು ಸ್ಪಷ್ಟ ಚಿತ್ರ ಕೊಡುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಇದು ಬಹಳ ಉಪಯುಕ್ತ.

ನಡೆದಾಗ ಗೊತ್ತಾಗುವುದು

ರಕ್ತನಾಳ ಕಿರಿದಾಗಿದ್ದರೂ ಸುಮ್ಮನೆ ಮಲಗಿದಾಗ ಹೃದಯಕ್ಕೆ ಬೇಕಾದಷ್ಟು ರಕ್ತ ದೊರೆಯಬಹುದು. ಬೇಸಿಗೆಯಲ್ಲಿ ಎಲ್ಲ ಮನೆಗಳ ನಲ್ಲಿ ತಿರುಗಿಸಿದಾಗಲೇ ಪೈಪಿನ ಕೊರತೆ ಗೊತ್ತಾಗುವುದಲ್ಲವೇ? ಹಾಗೆಯೇ, ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಿದ್ದವರಿಗೂ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳಬಹುದು. ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸಿ, ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ ಗೆರೆಯನ್ನು ಗಮನಿಸುತ್ತಾರೆ.

ಈ ಪರೀಕ್ಷೆಯೂ ಪರಿಪೂರ್ಣವಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1989ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಾಯಿಲೆ ಇರುವ 100 ಮಂದಿಯಲ್ಲಿ ಇದು ಗುರುತಿಸಿದ್ದು ಸರಾಸರಿ 68 ಮಂದಿಯನ್ನು. ಕಾಯಿಲೆ ಇಲ್ಲದ 100 ಮಂದಿಯಲ್ಲಿ 23 ಮಂದಿಗೆ ಇದೆಯೆಂದು ತೋರಿಸಿತು. ಮಹಿಳೆಯರಲ್ಲಿ ಇಂಥ ಸುಳ್ಳು ಸೂಚನೆ ಹೆಚ್ಚು. ಆದ್ದರಿಂದ ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ., ಧೂಮಪಾನ, ನೋವಿನ ಸ್ವರೂಪ ಇವೆಲ್ಲವನ್ನೂ ಸೇರಿಸಿಯೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ದೂರದ ಊರಿಗೂ ಅನುಕೂಲ

ಹೃದ್ರೋಗ ತಜ್ಞರಿಲ್ಲದ ಊರಿನಿಂದ ಇ.ಸಿ.ಜಿ.ಯನ್ನು ಕ್ಷಣದಲ್ಲಿ ತಜ್ಞರಿಗೆ ಕಳುಹಿಸಲು ಇಂದು ಸಾಧ್ಯ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯ ವಿಶ್ಲೇಷಣೆಗೆ ಕೃತಕ ಬುದ್ಧಿಮತ್ತೆಯ ನೆರವನ್ನೂ ಪಡೆಯಲಾಗಿದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಎಷ್ಟು ಬೇಗ ಸಿಕ್ಕಿದರೆ ಅಷ್ಟು ಸ್ನಾಯು ಉಳಿಯುತ್ತದೆ.

ನೀವು ಮಾಡಬೇಕಾದ್ದು

* ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಕಾಯಬೇಡಿ. ಕೂಡಲೇ 108ಕ್ಕೆ ಕರೆಮಾಡಿ.
* ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು.
* ಮೊದಲ ಇ.ಸಿ.ಜಿ. ಸರಿಯಿದ್ದರೂ ನೋವು ಮುಂದುವರಿದರೆ ಆಸ್ಪತ್ರೆಯಲ್ಲೇ ಇರಿ. ಸ್ವಲ್ಪ ಹೊತ್ತಿನ ನಂತರ ಮತ್ತೊಂದು ಇ.ಸಿ.ಜಿ., ಟ್ರೊಪೋನಿನ್ ರಕ್ತಪರೀಕ್ಷೆ ಬೇಕಾಗುತ್ತವೆ.
* ಹಳೆಯ ಇ.ಸಿ.ಜಿ.ಗಳನ್ನು ಜೋಪಾನವಾಗಿಡಿ. ಹೋಲಿಸಿ ನೋಡಿದಾಗ ಹೊಸ ಬದಲಾವಣೆ ಬೇಗ ತಿಳಿಯುತ್ತದೆ.

ಯಂತ್ರ ಓದುವುದು ಗೆರೆಯನ್ನು ಮಾತ್ರ. ನಿಮ್ಮ ನೋವನ್ನು ನೀವೇ ಬಾಯಿಬಿಟ್ಟು ಹೇಳಬೇಕು.