ಮೂಳೆಗಿಂತ ಮೊದಲು ರಕ್ತ

ರಕ್ತಕಣಗಳು ಅಸ್ಥಿಮಜ್ಜೆಯಲ್ಲಿ ಉತ್ಪತ್ತಿಯಾಗುತ್ತವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಭ್ರೂಣದಲ್ಲಿ ಮೂಳೆಗಳು ರೂಪುಗೊಳ್ಳುವುದಕ್ಕೆ ಬಹಳ ಮುಂಚೆಯೇ ಹೃದಯ ಬಡಿಯುತ್ತದೆ, ರಕ್ತ ಹರಿಯುತ್ತದೆ. ಹಾಗಾದರೆ ಆ ರಕ್ತ ಬಂದುದೆಲ್ಲಿಂದ? ಚುರುಕಾದ ವಿದ್ಯಾರ್ಥಿಯು ಕೇಳಬಹುದಾದ ಈ ಪ್ರಶ್ನೆಗೆ ಉತ್ತರ ದೊರೆತದ್ದು ಬಹುಮಟ್ಟಿಗೆ ಇಲಿಗಳ ಅಧ್ಯಯನದಿಂದ.

ಇಲಿಯ ಗರ್ಭಾವಧಿ ಸುಮಾರು 19–20 ದಿನ. ಎಂಟನೆಯ ದಿನದ ಹೊತ್ತಿಗೆ ಭಂಡಾರಚೀಲದಲ್ಲಿ, ಅಂದರೆ ಕೋಳಿಮೊಟ್ಟೆಯ ಹಳದಿಯನ್ನು ಸುತ್ತುವ ಪೊರೆಗೆ ಸಮಾನವಾದ ಭಾಗದಲ್ಲಿ, ಮೊದಲ ಕೆಂಪುಕಣಗಳು ಕಾಣಿಸುತ್ತವೆ. ಇವು ತಾತ್ಕಾಲಿಕ ವ್ಯವಸ್ಥೆ ಮಾತ್ರ. ಜೀವಮಾನವಿಡೀ ಎಲ್ಲ ಬಗೆಯ ರಕ್ತಕಣಗಳನ್ನು ಒದಗಿಸಬಲ್ಲ ಆಕರಕೋಶಗಳು (ಕೆಲವು ಪುಸ್ತಕಗಳಲ್ಲಿ ಕಾಂಡಕೋಶಗಳು) ಹುಟ್ಟುವುದು ಹತ್ತು ಹನ್ನೊಂದನೆಯ ದಿನದ ಸುಮಾರಿಗೆ, ಮಹಾಪಧಮನಿಯ ಪ್ರದೇಶದಲ್ಲಿ.

ಒಂದು ಕೋಶವು ಆಕರಕೋಶವೇ ಎಂಬುದನ್ನು ನೋಟದಿಂದ ನಿರ್ಣಯಿಸಲಾಗದು. ವಿಕಿರಣದಿಂದ ಮಜ್ಜೆ ನಾಶವಾದ ಇಲಿಗೆ ಅದನ್ನು ಕಸಿ ಮಾಡಬೇಕು. ತಿಂಗಳುಗಟ್ಟಲೆ ಎಲ್ಲ ಬಗೆಯ ರಕ್ತಕಣಗಳೂ ಅದರಿಂದಲೇ ಹುಟ್ಟಿದರೆ ಸಂದೇಹವಿಲ್ಲ. 1996ರಲ್ಲಿ ಅಲೆಕ್ಸಾಂಡರ್ ಮೆಡ್ವಿನ್ಸ್ಕಿ ಮತ್ತು ಎಲೇನ್ ಜಿಯರ್ಜಾಕ್ ಈ ಪ್ರದೇಶದ ಅಂಗಾಂಶವನ್ನು ಭ್ರೂಣದಿಂದ ಬೇರ್ಪಡಿಸಿ, ಕೆಲವು ದಿನ ಪ್ರತ್ಯೇಕವಾಗಿ ಬೆಳೆಸಿ, ಬಳಿಕ ಕಸಿ ಮಾಡಿದರು. ಹೊರಗಿನಿಂದ ಕೋಶಗಳು ವಲಸೆ ಬರುವ ದಾರಿಯೇ ಇಲ್ಲದ್ದರಿಂದ ಆಕರಕೋಶಗಳು ಅಲ್ಲಿಯೇ ಹುಟ್ಟುತ್ತವೆಂಬುದು ಸ್ಪಷ್ಟವಾಯಿತು. ಪ್ರಯೋಗದ ಸೊಬಗು ಈ ಪ್ರತ್ಯೇಕಿಸುವಿಕೆಯಲ್ಲಿದೆ. 2010ರಲ್ಲಿ ಮಹಾಪಧಮನಿಯ ಒಳಗೋಡೆಯ ಕೋಶಗಳೇ ರಕ್ತಕೋಶಗಳಾಗಿ ಹೊರಹೊಮ್ಮುವುದನ್ನು ಜೀವಂತ ಅಂಗಾಂಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ನೋಡಲು ಸಾಧ್ಯವಾಯಿತು.

ಮುಂದಿನ ನೆಲೆ ಯಕೃತ್ತು. ಮೊದಲಿಗೆ ಬೆರಳೆಣಿಕೆಯಷ್ಟಿದ್ದ ಆಕರಕೋಶಗಳ ಸಂಖ್ಯೆ ಅಲ್ಲಿ ಬಹುವಾಗಿ ಏರುತ್ತದೆ. ಜನನಕ್ಕೆ ಎರಡು ಮೂರು ದಿನ ಮುಂಚಿನಿಂದ ಅವು ಅಸ್ಥಿಮಜ್ಜೆಯನ್ನು ಸೇರತೊಡಗುತ್ತವೆ.

ಆದರೆ ಜನನದೊಂದಿಗೆ ಅವುಗಳ ಸ್ವಭಾವ ಬದಲಾಗುವುದಿಲ್ಲ. ನವಜಾತ ಇಲಿಯ ಆಕರಕೋಶಗಳು ಸುಮಾರು ಮೂರು ವಾರ ಭ್ರೂಣದಲ್ಲಿದ್ದಂತೆಯೇ ಬಿರುಸಾಗಿ ವಿಭಜಿಸುತ್ತಿರುತ್ತವೆ. ನಾಲ್ಕನೆಯ ವಾರದ ಹೊತ್ತಿಗೆ ಬಹುಪಾಲು ಥಟ್ಟನೆ ವಿಶ್ರಾಂತ ಸ್ಥಿತಿಗೆ ಸರಿಯುತ್ತವೆ. ಸಾಕ್ಸ್17 ಎಂಬ ಜೀನ್ ಭ್ರೂಣದ ಮತ್ತು ನವಜಾತದ ಆಕರಕೋಶಗಳಿಗೆ ಅತ್ಯಗತ್ಯ, ವಯಸ್ಕ ಇಲಿಯಲ್ಲಿ ಅಲ್ಲ ಎಂಬುದು 2007ರಲ್ಲಿ ತಿಳಿಯಿತು. ಮಗುವಿನ ಕೋಶವು ವಯಸ್ಕ ಕೋಶದ ಚಿಕ್ಕ ರೂಪವಲ್ಲ.

ಮಾನವ ಭ್ರೂಣದಲ್ಲಿಯೂ ಭಂಡಾರಚೀಲ, ಮಹಾಪಧಮನಿ, ಯಕೃತ್ತು, ಮಜ್ಜೆ ಎಂಬುದೇ ಕ್ರಮ. ಕಾಲಮಾನ ಮಾತ್ರ ಬೇರೆ. ಜನನದ ಸಮಯದಲ್ಲಿ ಆಕರಕೋಶಗಳು ಮಗುವಿನ ರಕ್ತದಲ್ಲಿಯೂ ಸಂಚರಿಸುತ್ತಿರುವುದರಿಂದ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅವು ದೊರೆಯುತ್ತವೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನೊಬ್ಬನಿಗೆ ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ನೀಡಲಾಯಿತು, ಅವನು ಗುಣಮುಖನಾದನು.