ಹೂವಷ್ಟೇ ಸಾಲಲ್ಲ

ರಜೆಗೆ ಸಿಂಧನೂರಿಗೆ ಹೋದಾಗ ನಾವು ಅಕ್ಕ-ತಮ್ಮ ಹಿತ್ತಲ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ನೋಡಿದೆವು. ಅದು ನಿಂಬೆ ಚಿಟ್ಟೆಯ ಮರಿಹುಳು! ದೊಡ್ಡದಾದಾಗ ಹಸಿರಾಗುತ್ತದೆ, ಕೆಣಕಿದರೆ ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಚಾಚಿ ವಾಸನೆ ಬಿಡುತ್ತದೆ.

ಚಿಟ್ಟೆ ಬೇಕಂದ್ರೆ ಹೂವಷ್ಟೇ ಸಾಲಲ್ಲ, ಮರಿಹುಳು ತಿನ್ನೋ ಗಿಡವೂ ಬೇಕು. ಇದಕ್ಕೆ ನಿಂಬೆ, ಕರಿಬೇವು. ಮಸ್ಕಿ, ಲಿಂಗಸುಗೂರು ರಸ್ತೆ ಪಕ್ಕದ ಎಕ್ಕದ ಗಿಡ ಪ್ಲೇನ್ ಟೈಗರ್ ಚಿಟ್ಟೆಗೆ. ಎಕ್ಕದ ಹಾಲಿನ ವಿಷ ಮೈಗೆ ಸೇರೋದ್ರಿಂದ ಹಕ್ಕಿಗಳು ಅದನ್ನ ಸಾಮಾನ್ಯವಾಗಿ ತಿನ್ನಲ್ಲ.

ಅವ್ವ ಔಷಧಿ ಹೊಡಿಯೋ ಪಂಪ್ ತಂದಳು: “ಒಗ್ಗರಣಿಗೆ ಏನ್ ಹಾಕ್ಲಿ?” ಕೊನೆಗೆ ಒಂದು ಟೊಂಗಿ ಹುಳಕ್ಕೆ, ಉಳಿದಿದ್ದು ಅಡುಗೆಗೆ ಅಂತ ರಾಜಿ. ಮೂರು ಕೋಶ ಆದವು. ಎರಡರಿಂದ ಚಿಟ್ಟೆ ಬಂದವು, ಮೂರನೇದರಿಂದ ಸಣ್ಣ ಸಣ್ಣ ಕಣಜ!